ಸೇತುವೆಯ ಕಣ್ಣು ಮುಚ್ಚದಿರಲಿ

ಕನ್ನಡದ ಮಾತಿನಲ್ಲಿ ಸೇತುವೆಗೆ ಕಣ್ಣುಗಳಿರುತ್ತವೆ. ಮೂರು ಕಣ್ಣಿನ ಸೇತುವೆ, ಏಳು ಕಣ್ಣಿನ ಸೇತುವೆ ಎಂದು ಊರಿನವರು ಗುರುತು ಹೇಳುವಾಗ ಎಣಿಸುವುದು ಕೆಳಗೆ ನೀರು ಹಾಯುವ ಕಂಡಿಗಳನ್ನು. ಮೇಲಿನ ರಸ್ತೆ ಎಷ್ಟು ಅಗಲ, ಎಷ್ಟು ಟನ್ನಿನ ಲಾರಿಯನ್ನು ತಡೆಯುತ್ತದೆ ಎಂಬುದು ಆ ಹೆಸರಿನಲ್ಲಿ ಬರುವುದೇ ಇಲ್ಲ. ಉದ್ಘಾಟನೆಯ ಫಲಕದಲ್ಲಿ ಇದು ತಿರುಗುಮುರುಗು. ಅಲ್ಲಿ ಉದ್ದ, ಅಗಲ, ಅಂದಾಜು ಮೊತ್ತ, ಗಣ್ಯರ ಹೆಸರು ಎಲ್ಲ ಇರುತ್ತವೆ. ಕಣ್ಣೆಷ್ಟು, ಕಣ್ಣಿನ ಅಗಲವೆಷ್ಟು, ಯಾವ ಕೆರೆಯಿಂದ ಯಾವ ಕೆರೆಗೆ ನೀರು ಹೋಗಬೇಕು ಎಂಬ ಮಾತು ಮಾತ್ರ ಇರುವುದಿಲ್ಲ. ಹಳ್ಳಿಯ ಲೆಕ್ಕ ಸರಿ, ಫಲಕದ ಲೆಕ್ಕ ತಪ್ಪು ಎಂಬುದು ಈ ಲೇಖನದ ವಾದ. ಹುತ್ರಿದುರ್ಗದ ಸೀಮೆಯಲ್ಲಿ, ಅಂದರೆ ಕುಣಿಗಲ್, ಗುಬ್ಬಿ, ತುಮಕೂರು ಬಯಲಿನಲ್ಲಿ, ಹಳೆಯ ಕಿರುಗಾಲುವೆಗಳ ಮೇಲೆ ಕಟ್ಟುವ ಪ್ರತಿ ಮೋರಿಯನ್ನೂ ಪ್ರತಿ ಕಿರುಸೇತುವೆಯನ್ನೂ ಮೊದಲು ನೀರಿನ ಅಳತೆಗೆ ಕಟ್ಟಬೇಕು, ಆಮೇಲೆ ರಸ್ತೆಯ ಅಳತೆಗೆ. ಕಾಲುವೆ ಆ ಜಾಗಕ್ಕೆ ಮೊದಲು ಬಂದದ್ದು. ರಸ್ತೆ ಎಷ್ಟೇ ದೊಡ್ಡದಾಗಿರಲಿ, ಅಲ್ಲಿ ಅದು ದಾಟಿಹೋಗುವ ನೆಂಟ.

ಹುತ್ರಿದುರ್ಗ ಕುಣಿಗಲ್ ತಾಲ್ಲೂಕಿನ ಕಲ್ಲುಬೆಟ್ಟ. ಕೆಂಪೇಗೌಡರ ಮನೆತನದ ದುರ್ಗಗಳಲ್ಲಿ ಒಂದು. ಸುತ್ತಿನ ಮೇಲೆ ಸುತ್ತು ಕೋಟೆ, ನೆತ್ತಿಯಲ್ಲಿ ಶಂಕರೇಶ್ವರನ ಗುಡಿ. 1791ರ ಡಿಸೆಂಬರ್ 24ರಂದು, ಸಾವನದುರ್ಗ ಬಿದ್ದ ಮೂರೇ ದಿನಕ್ಕೆ, ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಇದನ್ನೂ ಹಿಡಿಯಿತು. ಆ ಗೋಡೆಗಳಿಗೆ ಇಂದು ಚಾರಣಿಗರನ್ನು ಕರೆಯುವುದಲ್ಲದೆ ಬೇರೆ ಕೆಲಸವಿಲ್ಲ. ಬೆಟ್ಟದ ಬುಡದ ಸೀಮೆಯ ಕೆರೆಗಳಿಗೆ, ಅವುಗಳ ನಡುವಿನ ಕಾಲುವೆಗಳಿಗೆ ಹಾಗಲ್ಲ. ಅವು ಕೋಟೆಯಷ್ಟು ಗಟ್ಟಿಯಾಗಿರಲಿಲ್ಲ, ಆದರೂ ಅವುಗಳ ಕೆಲಸ ಮುಗಿದಿಲ್ಲ. ಈ ಬಯಲಿನಲ್ಲಿ ದೊಡ್ಡ ನದಿಯಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಎರಡು ಹೊಳೆಗಳಲ್ಲಿ ಜಯಮಂಗಲಿ ಉತ್ತರಕ್ಕೆ ಹೋಗಿಬಿಡುತ್ತದೆ. ಶಿಂಷಾ ಗುಬ್ಬಿಯ ಕಡಬ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಇಳಿದು, ಮದ್ದೂರಿನ ಕಡೆಗೆ ಸಾಗಿ ಕಾವೇರಿ ಸೇರುತ್ತದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಯೂ ಈ ಜಲಾನಯನದ್ದೇ. ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಕೆಲವೇ ರಾತ್ರಿಗಳಲ್ಲಿ ಸುರಿದುಹೋಗುತ್ತದೆ. ಹೀಗೆ ಅವಸರದಲ್ಲಿ ಬಂದು ಅವಸರದಲ್ಲಿ ಹೋಗುವ ನೀರನ್ನು ಹಿಡಿದಿಡಲು ಹಿಂದಿನವರು ಕಂಡುಕೊಂಡ ದಾರಿಯೇ ಕೆರೆಗಳ ಸರಣಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ 1866ರಲ್ಲಿ ಈ ವ್ಯವಸ್ಥೆಯನ್ನು ಅಳೆದು ನೋಡಿ, ಸಂಸ್ಥಾನದ 27,269 ಚದರ ಮೈಲಿಯಲ್ಲಿ ಸುಮಾರು ಶೇಕಡ 60ರಷ್ಟು ನೆಲದ ನೀರು ಕೆರೆಗಳಿಗೆ ಒಳಪಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕಲು ಜಾಣತನ ಬೇಕಾದೀತು ಎಂಬ ಅರ್ಥದ ಮಾತು ಬರೆದ.

ಕೆರೆಯ ಮಾತು ಬಂದರೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲರಿಗೂ ನೆನಪಾಗುತ್ತವೆ. ಎರಡು ಕೆರೆಗಳ ನಡುವಿನ ರಾಜಕಾಲುವೆ ನೆನಪಾಗುವುದು ಕೊನೆಗೆ. ಹೆಸರಿನಲ್ಲಿ ರಾಜನಿದ್ದರೂ ನೋಡಲು ಅದು ಬಡವ. ಎಷ್ಟೋ ಕಡೆ ಎತ್ತಿನ ಗಾಡಿಯಷ್ಟೇ ಅಗಲ, ಎದೆಮಟ್ಟದ ಆಳ, ಎರಡೂ ಬದಿ ಲಂಟಾನ, ಹೊಂಗೆ. ವರ್ಷದಲ್ಲಿ ಹನ್ನೊಂದು ತಿಂಗಳು ಒಣಗಿರುವುದರಿಂದ ಅದನ್ನು ಕಾಲುದಾರಿ ಎಂದೋ ಕಸದ ಗುಂಡಿ ಎಂದೋ ಯಾರಾದರೂ ತಿಳಿದರೆ ಆಶ್ಚರ್ಯವಿಲ್ಲ. ಆದರೆ ಗ್ರಾಮ ನಕ್ಷೆಯಲ್ಲಿ ಅದರ ಗೆರೆ ಸ್ಪಷ್ಟವಾಗಿರುತ್ತದೆ. ಕಂದಾಯ ದಾಖಲೆಯಲ್ಲಿ ಅದು ಬಿ ಖರಾಬು, ಅಂದರೆ ಯಾರೊಬ್ಬರ ಸಾಗುವಳಿಗೂ ಸೇರದ ಸಾರ್ವಜನಿಕ ನೆಲ. ಈ ಸೀಮೆಯ ಹಳೆಯ ದಾಖಲೆಗೂ ಕೊರತೆಯಿಲ್ಲ: ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟ ಇಡಿಯಾಗಿ ತುಮಕೂರು ಜಿಲ್ಲೆಯ ಶಾಸನಗಳದ್ದು. ಕೆರೆಗಾಗಿ ಬಿಟ್ಟ ಭೂಮಿಯನ್ನು ಹೇಳುವ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಯಾಕೆಂದರೆ, ಕೆರೆ ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಆ ಕಾಲಕ್ಕೇ ಗೊತ್ತಿತ್ತು. ಕೆರೆಯನ್ನು ಕಾಯುವುದಕ್ಕೆಂದೇ ಭೂಮಿ ಬಿಟ್ಟುಕೊಡುತ್ತಿದ್ದರು. ನೀರು ಬಿಡುವುದಕ್ಕೆಂದೇ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ.

ಚಪ್ಪಡಿ ಮತ್ತು ಪೈಪು

ಈಗ ಒಂದು ದಾಟುವ ಜಾಗವನ್ನು ಹತ್ತಿರದಿಂದ ನೋಡೋಣ. ಹಳೆಯ ಪದ್ಧತಿಯ ಕಲ್ಲುಸೇತುವೆಯಲ್ಲಿ ಕಾಲುವೆಯ ಎರಡೂ ದಡಕ್ಕೆ ಕಲ್ಲಿನ ಕಟ್ಟು, ನಡುವೆ ಬೇಕಿದ್ದರೆ ಒಂದು ಸಾಲು ದಿಂಡುಗಲ್ಲು, ಮೇಲೆ ಉದ್ದನೆಯ ಚಪ್ಪಡಿ. ಈ ಸೀಮೆಯಲ್ಲಿ ಗ್ರಾನೈಟಿಗೆ ಬರವಿಲ್ಲ. ಬಂಡೆಯಿಂದ ಎಬ್ಬಿಸಿದ ಚಪ್ಪಡಿಯೇ ತೊಲೆ, ಅದೇ ನೆಲಹಾಸು. ಇದರ ಜಾಣತನ ಇರುವುದು ತಳದಲ್ಲಿ. ಸೇತುವೆಯ ಕೆಳಗೂ ಕಾಲುವೆಯ ತಳ ಕಾಲುವೆಯ ತಳವೇ ಆಗಿ ಉಳಿಯುತ್ತದೆ. ನೀರಿಗೆ ಮೇಲೊಂದು ಕಲ್ಲು ಬಂದಿದೆ ಎಂಬ ಸುಳಿವೂ ಸಿಗುವುದಿಲ್ಲ. ಪೈಪ್ ಮೋರಿಯ ಬಗೆ ಬೇರೆ. ರಸ್ತೆಗೆ ಡಾಂಬರು ಹಾಕುವಾಗ ಕಾಲುವೆ ಅಡ್ಡ ಬಂತು ಎಂದು ಎರಡು ಸಿಮೆಂಟ್ ಪೈಪು ಇಟ್ಟು, ಮೇಲೆ ಮಣ್ಣು ತುಂಬಿ, ಎರಡೂ ಕಡೆ ಕಟ್ಟೆ ಕಟ್ಟಿದರೆ ಕೆಲಸ ಮುಗಿಯಿತು. ಪೈಪನ್ನು ತಳಕ್ಕಿಂತ ಒಂದಡಿ ಮೇಲಿಟ್ಟರೆ ಅದರ ಹಿಂದೆ ಹೂಳು ನಿಲ್ಲುತ್ತದೆ. ಕೆಳಗಿಟ್ಟರೆ ಅದರೊಳಗೇ ಹೂಳು ತುಂಬುತ್ತದೆ. ತೆಂಗಿನ ಸೀಮೆಯ ಕಾಲುವೆಯಲ್ಲಿ ಹೊಸ ನೀರಿನ ಜೊತೆ ಏನು ಬರುತ್ತದೆ ಎಂಬುದು ಗೊತ್ತಿರುವ ಸಂಗತಿ: ಒಣಗರಿ, ಹೆಡೆಮಟ್ಟೆ, ಕಾಯಿಸಿಪ್ಪೆ, ಈಚೀಚೆಗೆ ಇವಕ್ಕೆಲ್ಲ ಹೆಣೆದುಕೊಳ್ಳುವ ಪ್ಲಾಸ್ಟಿಕ್ ಚೀಲ. ಒಂದು ಗರಿ ಅಡ್ಡ ಸಿಕ್ಕಿಕೊಂಡರೆ ಸಾಕು, ಉಳಿದದ್ದೆಲ್ಲ ಅದಕ್ಕೆ ಆತುಕೊಂಡು ದುಂಡುಬಾಯಿ ಮುಚ್ಚಿಹೋಗುತ್ತದೆ.

ಇದನ್ನು ಲೆಕ್ಕದಲ್ಲಿ ಇಟ್ಟು ನೋಡಿದರೆ ಇನ್ನೂ ಸ್ಪಷ್ಟ. ಎರಡೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಚಪ್ಪಡಿ ಸೇತುವೆಯ ಕಣ್ಣು 3.75 ಚದರ ಮೀಟರ್. 900 ಮಿಲಿಮೀಟರ್ ವ್ಯಾಸದ ಎರಡು ಪೈಪುಗಳ ಬಾಯಿ ಕೂಡಿಸಿದರೆ 1.27 ಚದರ ಮೀಟರ್, ಅಂದರೆ ಮೂರನೇ ಒಂದು ಪಾಲು. ಐದು ಚದರ ಕಿಲೋಮೀಟರ್ ಜಲಾನಯನದ ಮೇಲೆ ಒಂದು ರಾತ್ರಿ 5 ಸೆಂಟಿಮೀಟರ್ ಮಳೆ ಬಿತ್ತೆನ್ನಿ; ಅದರಲ್ಲಿ ಮೂರನೇ ಒಂದು ಪಾಲು ಮಾತ್ರ ಹರಿದು ಬಂದರೂ 83,000 ಘನ ಮೀಟರ್, ಅಂದರೆ ಎಂಟು ಕೋಟಿ ಲೀಟರಿಗೂ ಹೆಚ್ಚು ನೀರು. ಸೆಕೆಂಡಿಗೆ ಒಂದೂವರೆ ಮೀಟರ್ ವೇಗ ಎಂದು ಹಿಡಿದರೆ ಚಪ್ಪಡಿ ಸೇತುವೆ ಅದನ್ನು ಸುಮಾರು ನಾಲ್ಕು ತಾಸಿನಲ್ಲಿ ದಾಟಿಸುತ್ತದೆ. ಎರಡು ಪೈಪುಗಳಿಗೆ ಹನ್ನೆರಡು ತಾಸು ಬೇಕು, ಅದೂ ಒಂದು ಗರಿಯೂ ಸಿಕ್ಕಿಕೊಳ್ಳದಿದ್ದರೆ. ನೀರು ಹನ್ನೆರಡು ತಾಸು ಸರದಿಯಲ್ಲಿ ನಿಲ್ಲುವುದಿಲ್ಲ. ಅದು ಮೇಲಿನ ಹೊಲಕ್ಕೆ ಹರಡುತ್ತದೆ, ಇಲ್ಲವೇ ರಸ್ತೆಯ ಮೇಲೆ ಹತ್ತಿ ಆಚೆ ಬದಿಯ ಮಣ್ಣು ಕೊರೆಯುತ್ತದೆ, ಇಲ್ಲವೇ ಹೊಸ ದಾರಿ ಮಾಡಿಕೊಂಡು ಬೇರೆ ಹಳ್ಳಕ್ಕೆ ಬೀಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ರೈತನ ರಾಗಿ ಮುಳುಗಿದೆ, ರಸ್ತೆ ಕಿತ್ತಿದೆ, ಕೆಳಗಿನ ಕೆರೆ ಮಾತ್ರ ಖಾಲಿ. ಒಂದೇ ಮಳೆಗೆ ಅತಿವೃಷ್ಟಿಯ ಪರಿಹಾರವನ್ನೂ ಬರದ ಪರಿಹಾರವನ್ನೂ ಒಂದೇ ಹೋಬಳಿ ಕೇಳುವ ವಿಚಿತ್ರಕ್ಕೆ ಕಾರಣ ಹುಡುಕಿದರೆ, ಎಷ್ಟೋ ಸಲ ಅದು ಮೋಡದಲ್ಲಿ ಸಿಗುವುದಿಲ್ಲ, ಮೋರಿಯಲ್ಲಿ ಸಿಗುತ್ತದೆ.

ಎರಡು ದಾರಿಗಳ ಒಡಂಬಡಿಕೆ

ಎರಡು ದಾರಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಎರಡಕ್ಕೂ ಹಕ್ಕಿದೆ ಎಂಬ ತಿಳಿವಳಿಕೆಯನ್ನು ಕಲ್ಲಿನಲ್ಲಿ ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಬಂಗಾರದೊಡ್ಡಿ ನಾಲೆ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು. ಈ ನಾಲೆ ದ್ವೀಪಕ್ಕೆ ನೀರು ತರಬೇಕು, ನಡುವೆ ಕಾವೇರಿಯ ದಕ್ಷಿಣದ ಕವಲು ಅಡ್ಡ ಇದೆ. ಆಗ ಕಟ್ಟಿದ್ದು ಕಲ್ಲಿನ ಮೇಲ್ಗಾಲುವೆ: ಕೆಳಗೆ ಕಂಡಿಗಳಲ್ಲಿ ಹೊಳೆ, ಮೇಲೆ ಕಿರಿದಾದ ದೋಣಿಯಲ್ಲಿ ನಾಲೆ. ಹೊಳೆ ತನ್ನ ಮಟ್ಟದಲ್ಲಿ ಹರಿಯುತ್ತದೆ, ನಾಲೆ ತನ್ನ ಮಟ್ಟದಲ್ಲಿ. ಒಂದರ ನೀರು ಇನ್ನೊಂದಕ್ಕೆ ಬೆರೆಯುವುದಿಲ್ಲ, ಒಂದರ ದಾರಿಗೆ ಇನ್ನೊಂದು ಅಡ್ಡ ನಿಲ್ಲುವುದಿಲ್ಲ. ಇದು ಜಗತ್ತಿನ ಮೊದಲ ಮೇಲ್ಗಾಲುವೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆ ಮಾತು ನಿಲ್ಲುವುದಿಲ್ಲ; ರೋಮನ್ನರು ಸಾವಿರದ ಆರುನೂರು ವರ್ಷ ಮೊದಲೇ ಇಂಥವನ್ನು ಕಟ್ಟಿದ್ದರು. ಆದರೆ ಇಂಗ್ಲೆಂಡು, ವೇಲ್ಸ್‌ಗಳ ಕಾಲುವೆ ಯುಗದ ಕಿರೀಟ ಎನ್ನಿಸಿಕೊಂಡು, 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಾಂಟ್‌ಕಿಸಿಲ್ಟೆ ಮೇಲ್ಗಾಲುವೆ ತೆರೆದದ್ದು 1805ರಲ್ಲಿ. ನಮ್ಮದು ಅದಕ್ಕಿಂತ ಸುಮಾರು ಒಂದೂವರೆ ಶತಮಾನ ಹಿರಿಯದು, ಈಗಲೂ ನೀರು ಹೊರುತ್ತಿರುವಂಥದು. ಇಷ್ಟು ನಿಜ ಇರುವಾಗ ಸುಳ್ಳು ದಾಖಲೆಯ ಹಂಗೇಕೆ?

ಕಿರುಗಾಲುವೆ ಎಂದರೆ ಕ್ಷುಲ್ಲಕ ಎಂದು ತಿಳಿದವರಿಗೂ ಆ ಊರಿನ ಇತಿಹಾಸದಲ್ಲಿ ಪಾಠವಿದೆ. ಬ್ರಿಟಿಷರು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಿದ್ದ 1799ರ ಏಪ್ರಿಲ್ 5ರ ರಾತ್ರಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನ್ನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ ದಿಕ್ಕು ತಪ್ಪಿ ಹಿಂದೆ ಬಂದ. ತೋಪಿನೊಳಗೆ ಅಡ್ಡಾದಿಡ್ಡಿ ಹರಿದಿದ್ದ ನೀರಿನ ಕಾಲುವೆಗಳು ಕತ್ತಲಲ್ಲಿ ಅವನ ಪಡೆಯನ್ನು ಚದುರಿಸಿದ್ದವು. ಆ ಯುದ್ಧ ಮುಗಿದ ಮೇಲೆ ದಿವಾನ್ ಪೂರ್ಣಯ್ಯ ಕಾವೇರಿಯ ಉತ್ತರದ ಕವಲಿಗೆ ಕಟ್ಟಿಸಿ 1804ರಲ್ಲಿ ಮುಗಿಸಿದ ಕಲ್ಲುಸೇತುವೆಗೆ ವೆಲ್ಲೆಸ್ಲಿಯ ಹೆಸರು ಬಂತು. ಅದು ಆರ್ಥರನದಲ್ಲ, ಗವರ್ನರ್ ಜನರಲ್ ಆಗಿದ್ದ ಅವನ ಅಣ್ಣನ ಗೌರವಕ್ಕೆ ಇಟ್ಟದ್ದು. ಕಲ್ಲಿನ ಕಂಬ, ಕಲ್ಲಿನ ತೊಲೆ, ಮೇಲೆ ಕಲ್ಲಿನ ಹಾಸು. ನಮ್ಮ ಹಳ್ಳಿಯ ಚಪ್ಪಡಿ ಸೇತುವೆಯ ಜಾತಿಯದ್ದೇ, ಅಳತೆ ಮಾತ್ರ ದೊಡ್ಡದು. ಕಾವೇರಿ ಉಕ್ಕಿದಾಗ ಸಂದು ಸಂದಿನಲ್ಲೂ ನೀರು ನುಗ್ಗುತ್ತದೆ, ಕೆಲವೊಮ್ಮೆ ಮೇಲೆಯೂ ಹಾಯುತ್ತದೆ. ಇತ್ತೀಚಿನ ಪ್ರವಾಹಗಳಲ್ಲಿ ಅದಕ್ಕೆ ಪೆಟ್ಟು ಬಿದ್ದಿದೆ. ಎರಡು ಶತಮಾನ ದಾಟಿ ನಿಂತಿರುವುದೂ ಅಷ್ಟೇ ನಿಜ.

ಹಂಪಿಯಲ್ಲಿ ಇದೇ ಮಾತಿಗೆ ಇನ್ನೊಂದು ಮುಖ ಸಿಗುತ್ತದೆ. ವಿಜಯನಗರದ ಅರಸರು ತುಂಗಭದ್ರೆಗೆ ಆನೆಗೊಂದಿಯ ಹತ್ತಿರ ಕಟ್ಟಿಸಿದ್ದ ಸೇತುವೆಯಲ್ಲಿ ಇಂದು ಉಳಿದಿರುವುದು ನೀರಿನಲ್ಲಿ ಸಾಲುಗಟ್ಟಿ ನಿಂತ ಕಲ್ಲುಕಂಬಗಳು ಮಾತ್ರ. ಅದೇ ಅರಸರ ಕಾಲದ ತುರ್ತು ಕಾಲುವೆ ಈಗಲೂ ಗದ್ದೆಗೆ, ಬಾಳೆತೋಟಕ್ಕೆ ನೀರು ಕೊಡುತ್ತಿದೆ. ದೊಡ್ಡ ಹೊಳೆಯ ದೊಡ್ಡ ಸೇತುವೆ ಸ್ಮಾರಕವಾಯಿತು, ಕಿರಿದಾದ ಕಾಲುವೆ ಬದುಕಿಕೊಂಡಿತು. ಕಾಲುವೆಗೆ ವರ್ಷ ವರ್ಷವೂ ಹೂಳು ತೆಗೆಯುವ, ದಡ ಕಟ್ಟುವ ಬಳಕೆದಾರನಿದ್ದ. ಅವನ ಹೊಟ್ಟೆಪಾಡು ಅದರ ಮೇಲಿತ್ತು. ಹಳೆಯ ನೀರಾವರಿ ಉಳಿಯುವುದು ಬೇಲಿ ಹಾಕಿ ಫಲಕ ನೆಟ್ಟರೆ ಅಲ್ಲ, ಅದರಲ್ಲಿ ನೀರು ಹರಿದರೆ. ಹರಿಯಬೇಕಾದರೆ ದಾಟುವ ಜಾಗಗಳಲ್ಲಿ ಕಣ್ಣು ತೆರೆದಿರಬೇಕು.

ಕಣ್ಣು ಮುಚ್ಚಿದ ನಗರ

ಕಣ್ಣು ಮುಚ್ಚುತ್ತ ಹೋದರೆ ಏನಾಗುತ್ತದೆ ಎಂದು ಊಹಿಸಬೇಕಾಗಿಲ್ಲ. ಹುತ್ರಿದುರ್ಗದ ಪಕ್ಕದಲ್ಲೇ ಬೆಂಗಳೂರಿದೆ, ಅದೇ ಕೆಂಪೇಗೌಡರ ಊರು. 2021ರ ಮಹಾಲೇಖಪಾಲರ ವರದಿಯ ಪ್ರಕಾರ, ಕೋರಮಂಗಲ ಕಣಿವೆಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ 113.24 ಕಿಲೋಮೀಟರ್ ಇದ್ದ ಕಾಲುವೆಗಳ ಉದ್ದ 2016-17ರ ಹೊತ್ತಿಗೆ 62.84 ಕಿಲೋಮೀಟರ್‌ಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 111.72 ಆಗಿತ್ತು. ಮರುವರ್ಷವೇ, 2022ರ ಸೆಪ್ಟೆಂಬರ್‌ನಲ್ಲಿ, ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಜನ ದೋಣಿ, ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ದೇಶ ನೋಡಿತು. ಆಮೇಲೆ ಒತ್ತುವರಿ ತೆರವು, ನ್ಯಾಯಾಲಯ, ತಡೆಯಾಜ್ಞೆ. ರಾಜಕಾಲುವೆಯ ಅಕ್ಕಪಕ್ಕ ಎಷ್ಟು ಮೀಟರ್ ಬಿಡಬೇಕು ಎಂಬ ಒಂದೇ ಪ್ರಶ್ನೆಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಒಂದು ಉತ್ತರ ಕೊಟ್ಟಿತು, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಪಡಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ತುಮಕೂರು ಈಗ ಬೆಂಗಳೂರಿನ ಕಡೆಗೂ ಬೆಂಗಳೂರು ತುಮಕೂರಿನ ಕಡೆಗೂ ಬೆಳೆಯುತ್ತಿವೆ; ಕುಣಿಗಲ್ಲಿನ ಪಕ್ಕದಲ್ಲಿ ಮಂಗಳೂರಿನ ಹೆದ್ದಾರಿ ಅಗಲವಾಗಿದೆ. ಬಾಗಿಲು ಹಾಕಲು ಈ ಜಿಲ್ಲೆಗೆ ಇನ್ನೂ ಹೊತ್ತಿದೆ.

ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ ಎದುರು ಬರುವ ಮಾತುಗಳನ್ನು ಕೇಳಿಸಿಕೊಳ್ಳಬೇಕು. ಮೊದಲನೆಯದು: ಕಾಲುವೆಯಲ್ಲಿ ನೀರು ಕಂಡು ಎಷ್ಟೋ ವರ್ಷವಾಯಿತು, ಒಣಕಾಲುವೆಗೆ ದೊಡ್ಡ ಕಣ್ಣು ಯಾಕೆ? ಇದು ಬೇಜವಾಬ್ದಾರಿಯ ಮಾತಲ್ಲ, ಕಣ್ಣಾರೆ ಕಂಡವರ ಮಾತು. ಆದರೆ ಕಿರುಗಾಲುವೆಯ ಕೆಲಸವೇ ವರ್ಷಕ್ಕೆ ಕೆಲವು ದಿನದ್ದು. ಕೊಡೆಯನ್ನು ಬೇಸಿಗೆಯಲ್ಲಿ ಯಾರೂ ಬಿಚ್ಚುವುದಿಲ್ಲ, ಹಾಗೆಂದು ಅದರ ಬಟ್ಟೆಯನ್ನು ಅರ್ಧ ಕತ್ತರಿಸುವುದೂ ಇಲ್ಲ. ಐದು ವರ್ಷಕ್ಕೊಮ್ಮೆ ಬರುವ ದೊಡ್ಡ ಮಳೆಯೇ ಈ ಸೀಮೆಯಲ್ಲಿ ಕೆರೆ ತುಂಬಿಸುವ ಮಳೆ. ಒಮ್ಮೆ ತುಂಬಿದರೆ ಸುತ್ತಲ ಕೊಳವೆಬಾವಿಗಳಿಗೆ ವರ್ಷಗಟ್ಟಲೆ ಆಧಾರ. ಸಾಮಾನ್ಯ ವರ್ಷದ ನೀರನ್ನು ನೋಡಿ ಕಣ್ಣಿನ ಅಳತೆ ತೆಗೆದರೆ, ಬೇಕಾದ ದಿನವೇ ಅದು ಸಾಲದೆ ಹೋಗುತ್ತದೆ.

ಎರಡನೆಯದು ಇನ್ನೂ ಗಟ್ಟಿಯಾದ ವಾದ. ಈಗ ಹೇಮಾವತಿ ಬಂದಿದೆ. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ನಾಲೆಯಲ್ಲಿ ತುಮಕೂರಿಗೆ ನೀರು ಬರುತ್ತದೆ, ಬುಗುಡನಹಳ್ಳಿ ಕೆರೆ ತುಂಬಿ ನಗರಕ್ಕೆ ಕುಡಿಯಲು ಸಿಗುತ್ತದೆ. ಹಾಗಿರುವಾಗ ಹಳೆಯ ರಾಜಕಾಲುವೆಯ ಗೋಜು ಯಾಕೆ? ಹೇಮಾವತಿಯ ಉಪಕಾರವನ್ನು ಅಲ್ಲಗಳೆಯುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಆದರೆ ಅದು ಹಂಚಿಕೊಂಡು ಕುಡಿಯಬೇಕಾದ ನೀರು. ಕಾವೇರಿ ಕೊಳ್ಳದ ಪ್ರತಿ ಟಿಎಂಸಿಗೂ ತಮಿಳುನಾಡಿನಿಂದ ಹಿಡಿದು ಪಕ್ಕದ ತಾಲ್ಲೂಕಿನವರೆಗೆ ಹಕ್ಕುದಾರರಿದ್ದಾರೆ. ಕುಣಿಗಲ್ ಕಡೆಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಚಾರದಲ್ಲಿ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದದ್ದು ಇದಕ್ಕೆ ಸಾಕ್ಷಿ. ಆ ವಿವಾದದಲ್ಲಿ ಗುಬ್ಬಿಯ ಆತಂಕವೂ ಕುಣಿಗಲ್ಲಿನ ದಾಹವೂ ಎರಡೂ ನಿಜ. ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಹೇಳಬೇಕಾದ್ದು ಇಷ್ಟು: ದೂರದ ನೀರಿಗೆ ಜಗಳವಾಡುವ ಎರಡೂ ತಾಲ್ಲೂಕುಗಳು ತಮ್ಮ ನೆತ್ತಿಯ ಮೇಲೆ ಬಿದ್ದ ಮಳೆಗೆ ಯಾರನ್ನೂ ಕೇಳಬೇಕಾಗಿಲ್ಲ. ಇನ್ನೂ ಒಂದು ಸಂಗತಿಯಿದೆ. ನಾಲೆಯಿಂದ ಒಂದು ಕೆರೆಗೆ ಬಿಟ್ಟ ನೀರು ಕೆಳಗಿನ ಕೆರೆಗಳಿಗೆ ಇಳಿಯುವುದು ಅದೇ ಹಳೆಯ ಕೋಡಿಹಳ್ಳ, ಅದೇ ರಾಜಕಾಲುವೆಯ ಮೂಲಕ. ಕೋಟಿಗಟ್ಟಲೆ ಖರ್ಚಿನಲ್ಲಿ ಬಂದ ನೀರು ಎರಡು ಪೈಪಿನ ಮೋರಿಯ ಮುಂದೆ ನಿಂತರೆ ನಷ್ಟ ಯಾರದು?

ಮೂರನೆಯದು ಹಣದ ಮಾತು. ಎರಡು ಪೈಪಿಗಿಂತ ಚೌಕದ ಕಾಂಕ್ರೀಟ್ ಕಣ್ಣಿಗೆ ಹೆಚ್ಚು ಖರ್ಚು, ಹಳ್ಳಿರಸ್ತೆಗೆ ಬರುವ ಅನುದಾನ ಸಣ್ಣದು. ನಿಜ. ಆದರೆ ಅಂದಾಜು ಪಟ್ಟಿಯಲ್ಲಿ ಕಾಣುವುದು ಮೊದಲ ದಿನದ ಖರ್ಚು ಮಾತ್ರ. ಕೊಚ್ಚಿಹೋದ ರಸ್ತೆಯ ದುರಸ್ತಿ ಇನ್ನೊಂದು ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ, ಮುಳುಗಿದ ಬೆಳೆಯ ಪರಿಹಾರ ಮತ್ತೊಂದರಲ್ಲಿ, ತುಂಬದ ಕೆರೆಯ ಕೆಳಗೆ ಕೊರೆದ ಕೊಳವೆಬಾವಿಯ ಸಾಲ ರೈತನ ಮನೆಯಲ್ಲಿ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅಗ್ಗ ಯಾವುದು ಎಂಬುದು ಬದಲಾಗುತ್ತದೆ. ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಹಡ್ಡರ್ಸ್‌ಫೀಲ್ಡ್ ಕಿರುಗಾಲುವೆ 1811ರಲ್ಲಿ ಪೂರ್ತಿಯಾಯಿತು. ರೈಲಿನ ಕಾಲ ಬಂದು ದೋಣಿ ಸಾಗಾಟ ನಿಂತ ಮೇಲೆ 1944ರಲ್ಲಿ ಮುಚ್ಚಿದರು. ಇನ್ನು ಬೇಡ ಎಂದು ಕೆಲವು ಕಡೆ ಮಣ್ಣು ತುಂಬಿದರು, ರಸ್ತೆ ದಾಟುವ ಕಡೆ ಸೇತುವೆಗಳನ್ನು ನೆಲಮಟ್ಟಕ್ಕೆ ಇಳಿಸಿ ಕೆಳಗೆ ಪೈಪು ಬಿಟ್ಟರು. ಮುಂದೆ ಅದೇ ಕಾಲುವೆ ಬೇಕೆನ್ನಿಸಿದಾಗ ದೊಡ್ಡ ಅಡ್ಡಿಯಾದದ್ದು ಇವೇ. ಒಂದೊಂದನ್ನೂ ಒಡೆದು, ಎತ್ತರಿಸಿ, 2001ರಲ್ಲಿ ಮತ್ತೆ ತೆರೆಯುವ ಹೊತ್ತಿಗೆ ಕೋಟಿಗಟ್ಟಲೆ ಪೌಂಡು ಖರ್ಚಾಗಿತ್ತು. ಅಲ್ಲಿ ಹೋಗುತ್ತಿದ್ದದ್ದು ದೋಣಿ, ಇಲ್ಲಿ ಹೋಗಬೇಕಾದ್ದು ಮಳೆನೀರು. ಮುಚ್ಚುವುದು ಅಗ್ಗ, ತೆರೆಯುವುದು ತುಟ್ಟಿ ಎಂಬ ಲೆಕ್ಕ ಎರಡೂ ಕಡೆ ಒಂದೇ.

ನಾಲ್ಕನೆಯ ಆಕ್ಷೇಪ ಹಳೆಯದರ ಮೇಲಿನ ಮೋಹದ ಬಗ್ಗೆ. ಹಳೆಯ ಚಪ್ಪಡಿ ಸೇತುವೆ ಟಿಪ್ಪರಿನ ಭಾರ ತಡೆಯುವುದಿಲ್ಲ, ಶಾಲಾ ಬಸ್ಸು ಅದರ ಮೇಲೆ ಹೋಗುವುದು ಅಪಾಯ ಎಂದರೆ ಅದು ಸರಿಯಾದ ಮಾತೇ. ಅಂಥ ಕಡೆ ಹೊಸದನ್ನು ಕಟ್ಟಲೇಬೇಕು. ಹಳೆಯ ಕೆರೆ ವ್ಯವಸ್ಥೆಯ ಸಾಮಾಜಿಕ ಮುಖವೂ ಹೊಗಳುವಂಥದ್ದಾಗಿರಲಿಲ್ಲ. ಕೆರೆಯ ಮಣ್ಣು ಹೊತ್ತವರು, ನಡುರಾತ್ರಿ ತೂಬಿಗೆ ಇಳಿದ ನೀರುಗಂಟಿಗಳು ಬಹುಪಾಲು ತಳಸಮುದಾಯದವರು. ಅಚ್ಚುಕಟ್ಟಿನ ಗದ್ದೆ ಬಹುಪಾಲು ಬೇರೆಯವರದು. ಆ ಕಾಲ ವಾಪಸು ಬರಲಿ ಎಂದು ಯಾರೂ ಕೇಳಬಾರದು. ಇಲ್ಲಿ ಕೇಳುತ್ತಿರುವುದು ಹಳೆಯ ಅಳತೆಯನ್ನು ಮಾತ್ರ. ಕಲ್ಲು ಹೋಗಿ ಕಾಂಕ್ರೀಟ್ ಬರಲಿ, ಒಂದು ಗಾಡಿಯ ಬದಲು ಎರಡು ಲಾರಿ ಹೋಗುವಷ್ಟು ಅಗಲವಾಗಲಿ. ಕೆಳಗಿನ ಕಣ್ಣು ಮಾತ್ರ ಮೊದಲು ಇದ್ದದ್ದಕ್ಕಿಂತ ಒಂದು ಗೇಣೂ ಕಿರಿದಾಗದಿರಲಿ. ಹೊಸ ಎಂಜಿನಿಯರಿಂಗ್ ನೀರಿನ ಶತ್ರುವೇನೂ ಅಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅಣೆಕಟ್ಟೆಯಲ್ಲಿ, ನೀರು ಮಟ್ಟ ಮೀರಿದರೆ ತಾನಾಗಿ ಹೊರಹಾಕುವ ಸೈಫನ್‌ಗಳಿವೆ. ಗೇಟು ಎತ್ತುವವನು ಬರಲಿ ಬಿಡಲಿ, ನೀರಿಗೆ ದಾರಿ ಸಿಗುತ್ತದೆ. ಆ ವಿನ್ಯಾಸದ ಹಿಂದಿನ ಬುದ್ಧಿ ಪಕ್ಕದ ಹಳ್ಳಿರಸ್ತೆಯ ಮೋರಿಗೂ ಬಂದರೆ ಸಾಕು.

ಕಣ್ಣು ಯಾರದು?

ಹಾಗಾದರೆ ಇಷ್ಟು ಸರಳವಾದ ಕೆಲಸ ಆಗುತ್ತಿಲ್ಲ ಯಾಕೆ? ರಸ್ತೆಗೆ ಯಜಮಾನರಿದ್ದಾರೆ: ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ನಗರದೊಳಗೆ ಪಾಲಿಕೆ. ಕೆರೆಗೂ ಇದ್ದಾರೆ: 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯಿತಿ. ಹೇಮಾವತಿ ನಾಲೆಗೆ ಕಾವೇರಿ ನೀರಾವರಿ ನಿಗಮ, ಖರಾಬು ನೆಲಕ್ಕೆ ಕಂದಾಯ ಇಲಾಖೆ. ರಸ್ತೆಯ ಕೆಳಗೆ, ಕಾಲುವೆಯ ಮೇಲೆ ಇರುವ ಆ ಎರಡು ಮೀಟರ್ ಕಂಡಿಗೆ ಮಾತ್ರ ಯಜಮಾನರಿಲ್ಲ. ಪರಿಭಾಷೆಯೂ ಇದಕ್ಕೆ ನೆರವಾಗುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ ಆರು ಮೀಟರ್ ಒಳಗಿನದು ಸೇತುವೆಯೇ ಅಲ್ಲ, ಕಲ್ವರ್ಟ್. ಸೇತುವೆಗೆ ಇರುವ ಪರಿಶೀಲನೆ, ಪ್ರವಾಹದ ಲೆಕ್ಕ, ಮೇಲಧಿಕಾರಿಯ ಕಣ್ಣು ಕಲ್ವರ್ಟಿಗೆ ಅಷ್ಟಾಗಿ ಸಿಗುವುದಿಲ್ಲ. ರಸ್ತೆಯ ಅಂದಾಜಿನಲ್ಲಿ ಅದು ಒಂದು ಸಾಲು. ರಾಜಕಾಲುವೆಗಳು ಕಿರಿದಾದ್ದರಿಂದ ಅವುಗಳ ಮೇಲಿನ ದಾಟುಗಳು ಹೆಚ್ಚುಕಡಿಮೆ ಎಲ್ಲವೂ ಆ ಒಂದು ಸಾಲಿನೊಳಗೆ ಸೇರಿಹೋಗುತ್ತವೆ.

ಪರಿಹಾರಕ್ಕೆ ಹೊಸ ಕಾಯ್ದೆ ಬೇಡ, ಹೊಸ ಪ್ರಾಧಿಕಾರವೂ ಬೇಡ. ಗ್ರಾಮ ನಕ್ಷೆಯಲ್ಲಿ ಕಾಲುವೆಯ ಖರಾಬು ಎಷ್ಟು ಅಗಲ ಇದೆಯೋ ಅದನ್ನು ನೋಡದೆ, ಮೇಲಿನ ಜಲಾನಯನದ ಲೆಕ್ಕ ಮಾಡದೆ ಯಾವ ಮೋರಿಯ ಅಂದಾಜಿಗೂ ಮಂಜೂರಾತಿ ಕೊಡಬಾರದು. ಆ ಹಾಳೆಯ ಮೇಲೆ ರಸ್ತೆಯ ಎಂಜಿನಿಯರಿನ ಸಹಿಯ ಪಕ್ಕ ಕೆರೆಯ ಎಂಜಿನಿಯರಿನ ಸಹಿಯೂ ಇರಬೇಕು. ದುಂಡು ಪೈಪಿನ ಬದಲು ತಳಮಟ್ಟಕ್ಕೆ ಕೂತ ಚೌಕದ ಕಣ್ಣು ರೂಢಿಗೆ ಬರಬೇಕು. ಹಳೆಯ ಚಪ್ಪಡಿ ಸೇತುವೆ ಗಟ್ಟಿಯಾಗಿದ್ದರೆ ಅದನ್ನು ಕಾಲ್ನಡಿಗೆಗೆ, ದನಕರುಗಳಿಗೆ ಬಿಟ್ಟು ಪಕ್ಕದಲ್ಲಿ ಹೊಸದನ್ನು ಕಟ್ಟಬಹುದು. ಮುಂಗಾರಿಗೆ ಮೊದಲು ಚರಂಡಿ ಹೂಳೆತ್ತುವಂತೆಯೇ, ಉತ್ತರೆ ಮಳೆಗೆ ಮೊದಲು ಪ್ರತಿ ಪಂಚಾಯಿತಿ ತನ್ನ ವ್ಯಾಪ್ತಿಯ ಮೋರಿಗಳ ಬಾಯಿ ಬಿಡಿಸಬೇಕು. ಉದ್ಯೋಗ ಖಾತರಿಯ ಕೂಲಿಗೆ ಇದಕ್ಕಿಂತ ಉಪಯುಕ್ತವಾದ ಕೆಲಸ ಕಡಿಮೆ. ಕೊನೆಯದಾಗಿ, ಪ್ರತಿ ದಾಟಿನ ಕಟ್ಟೆಯ ಮೇಲೆ ಎರಡು ಸಾಲು ಬರೆಯಬೇಕು: ಮೇಲಿನ ಕೆರೆಯ ಹೆಸರು, ಕೆಳಗಿನ ಕೆರೆಯ ಹೆಸರು. ಯಾವ ನೀರು ಎಲ್ಲಿಗೆ ಹೋಗಬೇಕು ಎಂದು ದಾರಿಹೋಕನಿಗೂ ಗೊತ್ತಾದರೆ, ಅದನ್ನು ಮುಚ್ಚುವವನಿಗೆ ಸ್ವಲ್ಪವಾದರೂ ಅಂಜಿಕೆ ಇರುತ್ತದೆ.

ಓದುಗರು ಮುಂದಿನ ಸಲ ಕುಣಿಗಲ್ಲಿನಿಂದ ಹುತ್ರಿದುರ್ಗಕ್ಕೋ ಗುಬ್ಬಿಯಿಂದ ಕಡಬಕ್ಕೋ ಹೋಗುವಾಗ, ರಸ್ತೆ ಸ್ವಲ್ಪ ಉಬ್ಬಿ ಇಳಿಯುವ ಕಡೆ ಗಾಡಿ ನಿಲ್ಲಿಸಿ, ಕಟ್ಟೆಯಾಚೆ ಬಗ್ಗಿ ನೋಡಿ. ಕೆಳಗೆ ಆಚೆಯ ಬೆಳಕು ಕಂಡರೆ ಆ ಸೇತುವೆಗೆ ಕಣ್ಣಿದೆ. ಕಾಣದಿದ್ದರೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ, ಹಸ್ತ ಮಳೆ ಬರುವುದಕ್ಕೆ ಮೊದಲು.